ತಿಗಣೆಗಳಿಗೆ ಅಭಯ

ಯುದ್ಧ ಶುರುವಾದ ವರ್ಷ ಅರಕಲಗೂಡಿನಲ್ಲಿ ಮೇಷ್ಟರಾಗಿದ್ದೆ. ಬುದ್ಧನ ಪಂಚಶೀಲಗಳನ್ನು ಓದಿ, ಇನ್ನು ಯಾವ ಜೀವವನ್ನೂ ಕೊಲ್ಲುವುದಿಲ್ಲವೆಂದು ನಿಶ್ಚಯಿಸಿದೆ. ಉಳಿದ ನಾಲ್ಕು ಶೀಲಗಳನ್ನು ಆಮೇಲೆ ನೋಡಿದರಾಯಿತು ಅಂದುಕೊಂಡೆ.

ನನ್ನ ಬಾಡಿಗೆ ಕೋಣೆಯ ಮಂಚದ ತುಂಬ ತಿಗಣೆ. ದಿನಾ ಬೆಳಿಗ್ಗೆ ಅವನ್ನು ಡಬ್ಬಿಗೆ ತುಂಬಿ ಜಗಲಿಯ ಮೂಲೆಯಲ್ಲಿ ಬಿಡುತ್ತಿದ್ದೆ. ಮನೆಯೊಡತಿ ಅಜ್ಜಿ ಮಂಚ ಹಾಕಿಕೊಂಡು ಮಲಗುತ್ತಿದ್ದುದು ಅದೇ ಜಗಲಿಯಲ್ಲಿ. ಅದು ನನ್ನ ಕರುಣೆಗೆ ಹೊಳೆಯಲೇ ಇಲ್ಲ.

ಎಂಟನೇ ದಿನ ಅಜ್ಜಿ ನನ್ನನ್ನು ಡಬ್ಬಿ ಸಮೇತ ಹಿಡಿದಳು.

"ಏನ್ ಸಾ, ಪುಣ್ಯ ನಿಮ್ಗೆ, ತಿಗಣೆ ನಂಗಾ?"

ಎರಡೂ ಮಂಚಗಳನ್ನು ಅಂಗಳಕ್ಕೆ ತರಿಸಿ ಕುದಿಯುವ ನೀರು ಸುರಿದಳು. ತಡೆಯಬೇಕಾದ ನಾನು, ನೀರು ಸಂದಿಗೆ ಇಳಿಯಲೆಂದು ಮಂಚವನ್ನು ಓರೆಯಾಗಿ ಹಿಡಿದುಕೊಂಡೆ. ಅಂದು ಮಲಗಿ ಪಶ್ಚಾತ್ತಾಪ ಬರಲೆಂದು ಕಾದೆ. ನಿದ್ದೆ ಮೊದಲು ಬಂತು.