ಕ್ಯಾಸೆಟ್ ಕಾಕಾನ ಮೊದಲ ಗೇಣು

ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಮೇಲಿನ ಗೆಣ್ಣನ್ನು ಹರೆಯದಲ್ಲೇ ಪಾವರ್‌ಲೂಮ್ ನುಂಗಿತ್ತು. ಉಳಿದ ಮೋಟು ತುದಿ ಹುರಿದ ಶೇಂಗಾಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕಂಪ್ಯೂಟರಿನ ಎಂಟರ್ ಗುಂಡಿಯನ್ನು ಅವರು ಯಾವಾಗಲೂ ಆ ಮೋಟು ಬೆರಳಿನಿಂದಲೇ ಒತ್ತುತ್ತಿದ್ದರು. ಯಾಕೆಂದು ಕೇಳಿದರೆ, "ಇದಕ್ಕ ಬೀಳೂ ಪೆಟ್ಟು ಮೊದಲ ಬಿದ್ದೈತಿ. ಇನ್ನ ಇದಕ್ಕ ಅಂಜಿಕಿ ಇಲ್ಲ" ಎನ್ನುತ್ತಿದ್ದರು.

ಬನಹಟ್ಟಿಯ ನಮ್ಮ ಓಣಿಗೆಲ್ಲ ಅವರು ಕ್ಯಾಸೆಟ್ ಕಾಕಾ. ಮೊದಲು ಮಗ್ಗ ರಿಪೇರಿ ಮಾಡುವ ಫಿಟ್ಟರ್ ಆಗಿದ್ದರು. ಬೆರಳು ಹೋದ ಮೇಲೆ ಒಂದು ವಿಡಿಯೊ ಕ್ಯಾಮೆರಾ ಕೊಂಡು ಇಪ್ಪತ್ತು ವರ್ಷ ಮದುವೆಗಳನ್ನು ತೆಗೆದರು. ಮದುವೆಗಳು ಮೊಬೈಲಿಗೆ ಹೋದ ಮೇಲೆ, ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ಹಿಡಿದರು. ರಬಕವಿ, ಮುಧೋಳ, ಬೀಳಗಿಯಿಂದೆಲ್ಲ ಜನ ಕೈಚೀಲದಲ್ಲಿ ಕ್ಯಾಸೆಟ್ಟು ಸುತ್ತಿಕೊಂಡು ಬರುತ್ತಿದ್ದರು. ತುಬಚಿಯ ರೈತರೊಬ್ಬರು ತಂದ ಕ್ಯಾಸೆಟ್ಟಿನ ಮೇಲೆ ಅವರ ಮನೆಯವರೇ ಯಾವುದೋ ಸಿನಿಮಾ ರೆಕಾರ್ಡ್ ಮಾಡಿಬಿಟ್ಟಿದ್ದರು. ಮೂರು ತಾಸಿನ ಸಿನಿಮಾದ ಬಾಲಕ್ಕೆ, ಅವರ ತೀರಿಹೋದ ಅಪ್ಪ ಜೋಳದ ರಾಶಿಯ ಮುಂದೆ ನಿಂತ ಎರಡು ನಿಮಿಷ ಉಳಿದಿತ್ತು. ಕಾಕಾ ಸಿನಿಮಾ ಪೂರ್ತಿ ನೋಡಿ ಆ ಎರಡು ನಿಮಿಷ ಬೇರೆ ತೆಗೆದು ಕೊಟ್ಟರು. ಕಥೆ ಹೇಗಿತ್ತೆಂದು ನಾನು ಚೇಷ್ಟೆ ಮಾಡಿದರೆ, "ಅಪ್ಪಂದ ಛಲೋ ಇತ್ತು, ಉಳದದ್ದೆಲ್ಲ ಬರೇ ಬಡದಾಟ" ಅಂದರು.

ನಾನು ಅವರಲ್ಲಿಗೆ ಹೋದದ್ದು ತಂಗಿಯ ಸಲುವಾಗಿ. ಅವ್ವ ತೀರಿಕೊಂಡಾಗ ತಂಗಿಗೆ ಹತ್ತು ತಿಂಗಳು. ಅವ್ವನ ಮೂರು ಫೋಟೊ ನಮ್ಮಲ್ಲಿದ್ದವು. ದನಿ ಮಾತ್ರ ಸೋದರಮಾವನ ಮದುವೆಯ ಕ್ಯಾಸೆಟ್ಟು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅದರಲ್ಲಿ ಅರಿಷಿಣದ ದಿನ ಅವ್ವ ಒಂದು ಹಾಡು ಹೇಳಿದ್ದಳು. ತಂಗಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ ಒಂದು ದಿನ, "ಅಕ್ಕಾ, ಎಲ್ಲಾರೂ ಕೂಸಿಗೆ ತಮ್ಮವ್ವ ಹಾಡಿದ್ದ ಹಾಡ್ತಾರ. ನಾ ಏನ್ ಹಾಡ್ಲಿ? ಅವ್ವನ ದನಿ ಹೆಂಗಿತ್ತಂತ ನಂಗ ಗೊತ್ತ ಇಲ್ಲ" ಅಂದಳು. ಮರುದಿನವೇ ಟ್ರಂಕಿನಿಂದ ಕ್ಯಾಸೆಟ್ಟು ತೆಗೆದೆ.

ಕಾಕಾ ಅದರ ಮುಚ್ಚಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಸುರುಳಿಯ ಮೇಲೆಲ್ಲ ಬಿಳಿ ಬೂಷ್ಟು. ಬಹಳ ಹೊತ್ತು ನೋಡಿ, "ಒಂದ ಸಲ ಓಡ್ತೈತಿ ಟೀಚರ್. ಎರಡನೇ ಸಲದ್ದು ನಾ ಹೇಳಾಂಗಿಲ್ಲ" ಅಂದರು. ನಾಲ್ಕು ದಿನ ಸ್ಪಿರಿಟ್ ಮತ್ತು ಅರಳೆ ಹಿಡಿದು ಟೇಪನ್ನು ಮೊಳ ಮೊಳವಾಗಿ ಒರೆಸಿದರು.

ಐದನೇ ದಿನ ಕಂಪ್ಯೂಟರು ಕೈ ಕೊಟ್ಟಿತು. ಕ್ಯಾಸೆಟ್ಟಿನ ಚಿತ್ರವನ್ನು ಒಳಗೆ ತೆಗೆದುಕೊಳ್ಳಲು ಅದರಲ್ಲೊಂದು ಹಳೆಯ ಟಿವಿ ಕಾರ್ಡ್ ಇತ್ತು. ಅಂಥ ಕಾರ್ಡನ್ನು ಇನ್ನೂ ಗುರುತು ಹಿಡಿಯುವುದು ಲಿನಕ್ಸ್ ಎಂಬ ಸಿಸ್ಟಮ್ ಒಂದೇ ಎಂದು ಜಮಖಂಡಿಯ ಕಾಲೇಜಿನವರೊಬ್ಬರು ಹೇಳಿದ್ದರಂತೆ. ಅದಕ್ಕೇ ಕಾಕಾ ಅರವತ್ತರ ಹತ್ತಿರ ಲಿನಕ್ಸ್ ಕಲಿತಿದ್ದರು. ಆ ಸಲ ಸಿಸ್ಟಮನ್ನು ಹೊಸದು ಮಾಡಿದ ಮೇಲೆ ಚಿತ್ರ ಬರುತ್ತಿತ್ತು, ದನಿ ಇಲ್ಲ. ಕಂಪ್ಯೂಟರು ಬಂದ್ ಮಾಡಿ ಹಚ್ಚಿದರೆ ದನಿ ಬರುತ್ತಿತ್ತು. ಮತ್ತೊಮ್ಮೆ ಹಚ್ಚಿದರೆ ಮಾಯ.

ಅವರು ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ ಬರುವ ಹೆಸರುಗಳನ್ನು, ನಾನು ತರಗತಿಯಲ್ಲಿ ಹಾಜರಿ ಹಾಕುವಂತೆ, ಬೆರಳಿಟ್ಟು ಓದುತ್ತಿದ್ದರು. ಮೂರು ದಿನಕ್ಕೆ ಕಳ್ಳ ಸಿಕ್ಕಿದ. ಆ ಒಂದು ಕಾರ್ಡಿಗೆ, ಅದನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಎರಡೆರಡು ಗಂಟುಬಿದ್ದಿದ್ದವು. ಒಂದು ಚಿತ್ರದ್ದು, ಅದು ಬೇಕಾದದ್ದು. ಇನ್ನೊಂದು ಯಾರೂ ಕರೆಯದ ದನಿಯ ಡ್ರೈವರ್. ಕ್ಯಾಸೆಟ್ಟಿನ ದನಿಯ ವೈರು ಬಂದು ಸೇರುತ್ತಿದ್ದದ್ದು ಕಂಪ್ಯೂಟರಿನ ಸ್ವಂತ ಸೌಂಡಿಗೆ. ಆದರೆ ಈ ಕರೆಯದ ಡ್ರೈವರ್ ಕೆಲವು ಸಲ ಮುಂಚೆ ಎದ್ದು ಸಾಲಿನಲ್ಲಿ ಮೊದಲನೆಯ ಜಾಗ ಹಿಡಿದುಬಿಡುತ್ತಿತ್ತು. ಆಗ ರೆಕಾರ್ಡಿಂಗು ಇದರ ಬಾಯಿಗೆ ಕಿವಿ ಕೊಡುತ್ತಿತ್ತು, ಇದೋ ಮೂಕ. "ಒಂದ ಮಗ್ಗಕ್ಕ ಇಬ್ರು ಮಾಲಕ್ರು" ಅಂದರು ಕಾಕಾ. "ಯಾರು ಮೊದಲ ಬಂದು ಕುಂದರ್ತಾರ ಅವಂದ ಕಾರಭಾರ."

ಆ ಕರೆಯದ ಡ್ರೈವರಿನ ಹೆಸರನ್ನು ಕಂಪ್ಯೂಟರು ಒಳಗೆ ಬಿಡಬಾರದ ಬಹಿಷ್ಕಾರದ ಪಟ್ಟಿಯಲ್ಲಿ ಬರೆದರು. ಆದರೂ ಅದು ಬರುತ್ತಿತ್ತು. ಯಾವ ಬಾಗಿಲಿನಿಂದ ಬರುತ್ತದೆ ಎಂದು ಹುಡುಕುವುದರಲ್ಲಿ ಮತ್ತೆ ಎರಡು ವಾರ ಹೋದವು. ಜಮಖಂಡಿಯ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಸ್ಸಿಳಿದವಳು ನೆಟ್ಟಗೆ ಅವರ ಕೋಣೆಗೆ ಹೋಗಿ ಕೂರುತ್ತಿದ್ದೆ. ನನ್ನದು ಮೊದಲಿನಿಂದಲೂ ಅವಸರದ ಸ್ವಭಾವ. ಉತ್ತರ ಬರುವ ಮುಂಚೆ ಹುಡುಗರ ಕೈಯಿಂದ ಸೀಮೆಸುಣ್ಣ ಕಸಿಯುವವಳು ನಾನು. "ಈಗ ದನಿ ಬರಾಕತ್ತೈತೆಲ್ಲ ಕಾಕಾ, ನಮ್ಮದು ಹಚ್ಚಿಬಿಡ್ರಿ" ಎಂದು ದಿನಾ ಗಂಟುಬೀಳುತ್ತಿದ್ದೆ.

"ಮೂರು ಸಲ ಲೈಟ್ ಹೋಗಿ ಬರಬೇಕು. ಮೂರೂ ಸಲ ದನಿ ಬರಬೇಕು. ಅಲ್ಲೀತನಕ ನಿಮ್ಮವ್ವನ್ನ ನಾ ಮುಟ್ಟಾಂಗಿಲ್ಲ."

ಪ್ರತಿ ಪರೀಕ್ಷೆಗೂ ಅವರು ಹಚ್ಚುತ್ತಿದ್ದದ್ದು ಒಂದೇ ಕ್ಯಾಸೆಟ್ಟು, ಅದರಲ್ಲೂ ಒಂದೇ ಜಾಗ. ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಮಗ್ಗದ ಪಕ್ಕ ನಿಂತು ಕ್ಯಾಮೆರಾದ ಕಡೆ ತಿರುಗಿ ಏನೋ ಹೇಳಿ, ಸೆರಗು ಬಾಯಿಗಿಟ್ಟು ನಗುವ ಅರ್ಧ ನಿಮಿಷ. ಅದನ್ನು ಕಂಪ್ಯೂಟರಿಗೆ ಇಳಿಸಿ, ಕೇಳಿ, ಅಳಿಸಿ, ಟೇಪು ಹಿಂದಕ್ಕೆ ಸುತ್ತುತ್ತಿದ್ದರು. ಅಳಿಸುವುದೇಕೆ ಎಂದು ಒಮ್ಮೆ ಕೇಳಿದ್ದೆ. "ಮಗ್ಗಕ್ಕ ಹೊಸಾ ನೂಲಿನ ಬೀಮ್ ಏರಿಸಿದಾಗ ಮೊದಲನೇ ಗೇಣು ಅರಿವಿ ಕತ್ತರಿಸಿ ಚೆಲ್ಲಬೇಕು. ಅದು ಮಗ್ಗ ನೋಡಾಕ ನೇಯ್ದದ್ದು, ಇಟ್ಗೊಳ್ಳಾಕಲ್ಲ" ಅಂದರು. ನೇಕಾರರ ಮನೆಯವಳಾದ ನನಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದ.

ಒಂದು ಸಂಜೆ ತಲೆ ಕೆಟ್ಟು ಅಂದುಬಿಟ್ಟೆ: "ಕಾಕಾ, ಆ ಹೆಣ್ಮಗಳ ಮಾತು ಕೇಳಿ ಕೇಳಿ ತಲಿ ಚಿಟ್ಟ ಹಿಡೀತ್ರಿ. ಬ್ಯಾರೆ ಕ್ಯಾಸೆಟ್ಟ ಇಲ್ಲೇನು ನಿಮ್ಮ ಕಡೆ?"

ಅವರು ತಿರುಗಿ ನೋಡಲಿಲ್ಲ. "ಇದು ಗುರ್ತಿನ ದನಿ, ಟೀಚರ್. ಒಂದ ಎಳಿ ಹೆಚ್ಚುಕಡಿಮಿ ಆದ್ರೂ ನನಗ ತಿಳೀತೈತಿ" ಎಂದಷ್ಟೇ ಅಂದರು. ಮರುದಿನ ಹೋದಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಆ ಮಾತು ನನಗೆ ಕೇಳಿಸಲಿಲ್ಲ. ಕಾಟ ತಪ್ಪಿತೆಂದು ನಾನು ತಂದಿದ್ದ ಉತ್ತರ ಪತ್ರಿಕೆಗಳನ್ನು ಆರಾಮಾಗಿ ತಿದ್ದುತ್ತ ಕೂತೆ.

ಕೊನೆಗೆ ಆ ಬಾಗಿಲೂ ಸಿಕ್ಕಿತು. ಕಂಪ್ಯೂಟರು ಕಣ್ಣು ಬಿಡುವ ಮೊಟ್ಟಮೊದಲ ಹಂತದಲ್ಲಿ ಓದಿಕೊಳ್ಳುವ ಹಳೆಯ ಪಟ್ಟಿಯೊಂದಿರುತ್ತದಂತೆ, ಬಹಿಷ್ಕಾರದ ಸುದ್ದಿ ಅದಕ್ಕೆ ಮುಟ್ಟಿರಲಿಲ್ಲ. ಆ ಪಟ್ಟಿಯನ್ನೂ ಹೊಸದಾಗಿ ಕಟ್ಟಿದರು. ನಮ್ಮೂರಲ್ಲಿ ಲೈಟು ಹೋಗುವುದಕ್ಕೇನು ಬರ? ಎರಡು ದಿನದಲ್ಲಿ ಮೂರು ಸಲ ಹೋಗಿ ಬಂತು. ಮೂರೂ ಸಲ ದನಿ ಬಂತು.

ಅವ್ವನ ಕ್ಯಾಸೆಟ್ಟು ಹಚ್ಚಿದ್ದು ಒಂದು ಭಾನುವಾರ ಮುಂಜಾನೆ. ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೂತಿದ್ದರು. ತಂಗಿಗೆ ಗೋಡೆಗೆ ಒರಗಲು ದಿಂಬು ಇಟ್ಟಿದ್ದರು. ಚಿತ್ರ ಅಲ್ಲಾಡಿತು, ಹರಿಯಿತು, ಮತ್ತೆ ನಿಂತಿತು. ಅವ್ವ ಬಟ್ಟಲಲ್ಲಿ ಅರಿಷಿಣ ಕಲಸುತ್ತಿದ್ದಳು. ಆಮೇಲೆ ಹಾಡು ಎತ್ತಿದಳು. ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಒರಟು ದನಿ, ಸ್ವಲ್ಪ ಮೂಗಿನದು. ತಂಗಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, "ಅಕ್ಕಾ, ನನ್ನಂಗ ಅದಾಳ. ಖರೆ, ನನ್ನ ದನೀನ ಐತಿ" ಎಂದು ಅಳತೊಡಗಿದಳು. ಹಾಡು ಮುಗಿದು ಊಟದ ಪಂಕ್ತಿ ಬರುವಷ್ಟರಲ್ಲಿ ಟೇಪು ಕಟಕ್ಕನೆ ಹರಿಯಿತು. ಅದು ಮತ್ತೆ ಓಡಲಿಲ್ಲ. ಕಾಕಾ ಇಳಿಸಿಕೊಂಡಿದ್ದನ್ನು ಎರಡು ಕಡೆ ಉಳಿಸಿ, "ಆತು" ಅಂದರು. ಮುಖದಲ್ಲಿ ಬೆವರಿತ್ತು.

ಆ ಮೇಲೆ ಅವರ ಕೋಣೆಯಲ್ಲಿ ಕ್ಯಾಸೆಟ್ಟುಗಳ ರಾಶಿ ಬೆಳೆಯಿತು. ಹಿಪ್ಪರಗಿಯಿಂದ ಒಂದು ಮನೆಯವರು ಗೋಣಿಚೀಲವನ್ನೇ ತಂದಿಳಿಸಿದ್ದರು. ಎದುರಾದಾಗಲೆಲ್ಲ ಕಾಕಾ "ಕೂಸು ನಿಮ್ಮವ್ವನ ಹಾಡಿಗೆ ನಿದ್ದಿ ಮಾಡ್ತೈತೇನು?" ಎಂದು ಕೇಳುತ್ತಿದ್ದರು. ಹೋದ ವರ್ಷ ಅವರಿಗೆ ಕಾಮಾಲೆ ಆಯಿತು. ಗಿಡಮೂಲಿಕೆ ಎಂದು ಹದಿನೈದು ದಿನ ಕಳೆದು, ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು, ಕಾಕಾ ಉಳಿಯಲಿಲ್ಲ. ಅವರನ್ನು ಮಣ್ಣಿಗೆ ಒಯ್ದಾಗ ನಾನು ಪರೀಕ್ಷೆಯ ಡ್ಯೂಟಿಯಲ್ಲಿದ್ದೆ, ಮುಖ ನೋಡಲಾಗಲಿಲ್ಲ.

ತಿಂಗಳಾದ ಮೇಲೆ ಅವರ ಮಗಳು ನಮ್ಮ ಮನೆಗೆ ಬಂದಳು. ಬೀಳಗಿಯಲ್ಲಿ ಅಜ್ಜಿಯ ಹತ್ತಿರ ಬೆಳೆದು ಮುಧೋಳಕ್ಕೆ ಮದುವೆಯಾದ ಹುಡುಗಿ. ನಾನು ಆಕೆಯನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದಳು. ಹಸಿರು ಸೀರೆ, ಮಗ್ಗ, ಬಾಯಿಗಿಟ್ಟ ಸೆರಗು.

"ನಮ್ಮವ್ವರಿ. ಆಕಿ ಹೋದಾಗ ನನಗ ಎರಡು ವರ್ಷ. ಮಷಿನ್ ಛಲೋ ಆದ ಮ್ಯಾಲೆ ಪೂರಾ ತಗದು ಕೊಡ್ತೀನಂತ ಅಪ್ಪ ಅಂತಿದ್ರು. ಮಂದೀದು ಕೆಡಾಕತ್ತಾವು, ಮೊದಲ ಅವು ಆಗ್ಲಿ ಅಂತ ಮುಂದ ಹಾಕ್ಕೋತ ಬಂದ್ರು. ಈಗ ಜಮಖಂಡ್ಯಾಗ ತಗಸಿದೆ. ಚಿತ್ರ ಬಂತು, ದನಿ ಬರ್ಲಿಲ್ರಿ."

ದನಿ ಟೇಪಿನ ಅಂಚಿನಲ್ಲಿ ಇರುತ್ತದೆ, ಹಿಂದೆ ಮುಂದೆ ಸುತ್ತಿದರೆ ಮೊದಲು ಸವೆಯುವುದು ಅಂಚೇ ಎಂದು ಕಾಕಾ ನನಗೆ ಹೇಳಿದ್ದರು. ಪರೀಕ್ಷೆಗೆ ಬೇರೆಯವರ ಕ್ಯಾಸೆಟ್ಟು ಯಾಕೆ ಹಚ್ಚಬಾರದಿತ್ತು ಎಂದು ನಾನು ತೊದಲಿದೆ. "ಸವದ್ರ ನಮ್ಮದು ಸವೀಲಿ ಅಂತಿದ್ರು" ಅಂದಳು. ಇಳಿಸಿದ್ದ ಒಂದು ತುಣುಕನ್ನೂ ಅವರು ಉಳಿಸಿಕೊಂಡಿರಲಿಲ್ಲ. ಮೊದಲ ಗೇಣು ಕತ್ತರಿಸಿ ಎಸೆಯುವ ಕೈ ಅದು, ಉಳಿಸಿಕೊಳ್ಳಬಹುದೆಂದು ಅದಕ್ಕೆ ಹೊಳೆದೇ ಇರಲಿಲ್ಲ.

ಮಗಳು ಮೊಬೈಲನ್ನು ನನ್ನ ಹತ್ತಿರ ಸರಿಸಿದಳು. "ಟೀಚರ್ ದಿನಾ ಬಂದು ಕುಂದರ್ತಿದ್ರು ಅಂತ ಅಪ್ಪ ಹೇಳಿದ್ರು. ನೀವು ಕೇಳೀರಲ್ರಿ? ಇಲ್ಲಿ ನಮ್ಮವ್ವ ಏನಂತಾಳ್ರಿ?"

ಮೂರು ಸಲ ನೋಡಿದೆ. ಆಕೆ ತಿರುಗುತ್ತಾಳೆ, ತುಟಿ ಆಡುತ್ತವೆ, ನಗುತ್ತಾಳೆ. ಆ ಮಾತು ಎಷ್ಟು ಸಂಜೆ ನನ್ನ ಕಿವಿಯ ಮೇಲೆ ಬಿದ್ದಿತ್ತು, ಮಗ್ಗದ ಸದ್ದಿನ ಹಾಗೆ; ಒಂದು ಶಬ್ದವೂ ಒಳಗಿಳಿದಿರಲಿಲ್ಲ. ಏನಾದರೊಂದು ಹುಟ್ಟಿಸಿ ಹೇಳಿದ್ದರೆ ಆ ಹುಡುಗಿ ನಂಬುತ್ತಿದ್ದಳು, ನಾಲಿಗೆಯ ತುದಿಗೂ ಬಂದಿತ್ತು. "ನೆನಪಿಲ್ಲವ್ವಾ. ನಾ ಕೇಳಿಸ್ಕೊಂಡ ಇಲ್ಲ" ಅಂದೆ.

ಆಕೆ ವಿಡಿಯೊ ಬಂದ್ ಮಾಡಿದಳು. ಮೊಬೈಲನ್ನು ಚೀಲದಲ್ಲಿ ಇಟ್ಟುಕೊಂಡಳು. "ಇರ್ಲಿ ಬಿಡ್ರಿ ಅಕ್ಕಾರ. ನಿಮ್ಮವ್ವನ ಹಾಡು ಬಂದೈತೆಲ್ಲ, ಅದನ್ನ ಒಮ್ಮೆ ಕೇಳಸ್ರಿ" ಅಂದಳು.

ಹಚ್ಚಿದೆ. ಪೂರ್ತಿ ಮುಗಿಯುವವರೆಗೂ ಆಕೆ ಎದ್ದು ಹೋಗಲಿಲ್ಲ.