ಹುಳಿ ಬಿಡಿಸಿದ ಚಳಿಗಾಲ

ಆಗೆಲ್ಲ ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮ ಔರಾದ ಶಹಾಜನಿಯಲ್ಲಿ ಚಳಿ ಬಂತೆಂದರೆ ಮಕ್ಕಳ ಕಿಸೆ ತುಂಬ ಬಾರಿಹಣ್ಣು. ಶಾಲೆಯ ಗೋಡೆಯಾಚೆ ಪೇರಲ, ನೆಲ್ಲಿಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತಿದ್ದರು. ಆ ವರ್ಷ ನನಗೆ ಮಾತ್ರ ಅದೆಲ್ಲ ಬಂದ್.

ಮಳೆಗಾಲದಲ್ಲೇ ಹಲ್ಲುಜ್ಜುವಾಗ ನನ್ನ ಒಸಡಿನಿಂದ ರಕ್ತ ಬಂದದ್ದನ್ನು ಅಜ್ಜಿ ನೋಡಿದ್ದಳು. ಗಾಯವಿದ್ದಾಗ ಹುಳಿ ತಿಂದರೆ ಕೀವಾಗುತ್ತದೆಂಬುದು ಅವಳ ನಂಬಿಕೆ. ಹುಳಿ, ಖಾರ, ಪಲ್ಯ, ಹಣ್ಣು ಎಲ್ಲ ನಿಂತವು. ತಿಂಗಳುಗಟ್ಟಲೆ ಹಾಲಿನಲ್ಲಿ ಹಿಚುಕಿದ ಜೋಳದ ರೊಟ್ಟಿ, ಅಜ್ಜಿಯೇ ತಿನ್ನಿಸುತ್ತಿದ್ದಳು. ರಕ್ತ ಹೆಚ್ಚಿತು. ಹೆಚ್ಚಿದಷ್ಟೂ ಪಥ್ಯ ಬಿಗಿಯಾಯಿತು.

ಬಾಯಿ ನಾರುತ್ತಿತ್ತು. ಪಕ್ಕದ ಹುಡುಗಿ ಮೂಗಿಗೆ ಜಡೆ ಒತ್ತಿಕೊಂಡು ದೂರ ಸರಿದು ಕೂತಳು. ಮರಾಠಿ ಕವಿತೆ ಹೇಳೆಂದರೆ, ಬಾಯಿಪಾಠವಿದ್ದರೂ ನಾನು ತುಟಿ ಬಿಚ್ಚಲಿಲ್ಲ. "ಕಾನಡಿ ಮುಲಗೀ ಆಹೇ," ಎಂದು ಯಾರೋ ನಕ್ಕರು. ಕನ್ನಡದವಳು, ಅದಕ್ಕೇ ಬರುವುದಿಲ್ಲ ಎಂದು. ಅದೇ ವಾಸಿ ಎನಿಸಿ ತಲೆ ತಗ್ಗಿಸಿದೆ.

ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋದೆವು. ಎಲ್ಲರ ತಾಟಿನಲ್ಲೂ ಬಾರಿಹಣ್ಣು, ಹುಣಸೆ ಹಾಕಿ ಕುದಿಸಿದ ಸೊಪ್ಪು-ಕಾಳಿನ ಭಜ್ಜಿಪಲ್ಯ, ಮಡಕೆಯ ಹುಳಿ ಅಂಬಲಿ.

"ಅಜ್ಜಿ, ಒಂದ ಗುಟುಕ ಕೊಡು."

"ಹಲ್ಲ ಉದುರಿದ್ರ ನಿನ್ನ ಯಾರ ಲಗ್ನ ಮಾಡ್ಕೋತಾರ? ಸುಮ್ಮ ಕೂಡು."

"ನಿಂಗ ಒಂದೂ ಹಲ್ಲಿಲ್ಲ, ಅಜ್ಜ ನಿನ್ನ ಹೊರಗ ಹಾಕ್ಯಾನೇನ?"

ಎಲ್ಲರೂ ಬಿದ್ದುಬಿದ್ದು ನಕ್ಕರು, ನಾನೂ. ನನ್ನ ಹಲ್ಲಿನ ಮೇಲಿನ ರಕ್ತ ಕಂಡು ನಗು ನಿಂತಿತು. "ನಾಳಿಗೇ ಉದಗೀರಕ್ಕ ಒಯ್ಯೂಣು," ಎಂದರು ದೊಡ್ಡಪ್ಪ.

ಉದಗೀರದ ಡಾಕ್ಟರು ಊಟದ ಬಗ್ಗೆ ಕೇಳಿದರು. ಅಜ್ಜಿ ಹೆಮ್ಮೆಯಿಂದ ಮುಂದೆ ಬಂದಳು: "ಹಾಲು ರೊಟ್ಟಿ ಬಿಟ್ಟು ಏನೂ ಮುಟ್ಟಸಿಲ್ರೀ ಸಾಹೇಬ. ನಾನ ಕಾಯ್ದೀನಿ."

ಡಾಕ್ಟರು ಮೆಲ್ಲಗೇ ಹೇಳಿದರು: ಒಸಡು ಮಾಯಲು ಸಿ ಜೀವಸತ್ವ ಬೇಕು, ಅದು ನಿಂಬೆ, ನೆಲ್ಲಿ, ಪೇರಲ, ಹಸಿ ಸೊಪ್ಪಿನಲ್ಲಿದೆ. ನೀವು ಬಿಡಿಸಿದ್ದೇ ಅವಳಿಗೆ ಬೇಕಾದದ್ದು.

"ಅಂದ್ರ ಇದು ನಾನ ಮಾಡಿದ್ದೇನ್ರೀ?"

ಇಲ್ಲವೆಂದು ಡಾಕ್ಟರು ಸಮಾಧಾನ ಹೇಳಿದರೆಂದು ಜೊತೆಗೆ ಬಂದಿದ್ದ ಅವ್ವ ಈಗಲೂ ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಆ ಸಮಾಧಾನವಿಲ್ಲ. ಅಜ್ಜಿ ನನ್ನನ್ನು ನೋಡುವುದಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿವೆ, ನನ್ನ ಬಾಯಿಗಾಗಿಯೋ ಅವಳಿಗಾಗಿಯೋ ತಿಳಿಯದು.

ಕೆಲವೇ ವಾರಗಳಲ್ಲಿ ಒಸಡು ಮಾಯಿತು. ಆದರೆ ಅಲ್ಲಿಂದಾಚೆ ಅಜ್ಜಿ ಪೇರಲದ ಹೋಳು ಹಿಡಿದು, "ಇದು ಕೊಡ್ಲೇನವ್ವ?" ಎಂದು ಸೊಸೆಯನ್ನು, ನನ್ನ ಅವ್ವನನ್ನು, ಕೇಳತೊಡಗಿದಳು. ಅಜ್ಜಿಯನ್ನು ಕೇಳದೆ ಒಲೆಯ ಮೇಲೆ ಏನೂ ಏರದಿದ್ದ ಮನೆ ಅದು. ನನ್ನ ಹಲ್ಲುಗಳು ಇಂದಿಗೂ ಗಟ್ಟಿಯಾಗಿವೆ. ಅಳುಕಿಲ್ಲದೆ ಅವಳು ಬಾಯಿಗಿಡುತ್ತಿದ್ದ ತುತ್ತು ಮಾತ್ರ ಮತ್ತೆ ಸಿಗಲಿಲ್ಲ.