ಆಡುವವರ ಮುಖ ನೋಡಿದವರು: ಬಂದ್ಯೋಡಿನ ಕುಂಞಾಲಿ

ವಿಡಿಯೋ ಗೇಮ್ ಎಂದರೆ ಮಕ್ಕಳ ಕಣ್ಣು ಹಾಳುಮಾಡುವ ಸಾಮಾನು ಎಂದೇ ತಿಳಿದಿರುವ ನಮ್ಮ ಸೀಮೆಯಿಂದ ಹೊರಟು, ಆ ಉದ್ಯಮದ ಮೇಲಿನ ಮೆಟ್ಟಿಲವರೆಗೆ ಏರಿ, ಅಲ್ಲಿಂದ ತಾವಾಗಿಯೇ ಇಳಿದು ಬಂದು, ಊರಿನ ಎಳೆಯ ಕಂಪೆನಿಗಳಿಗೆ ಮೊದಲ ಬಂಡವಾಳ ಹಾಕುವ ಕೆಲಸಕ್ಕೆ ಕೈಹಚ್ಚಿದವರು ಬಂದ್ಯೋಡಿನ ಶ್ರೀ ಕುಂಞಾಲಿಯವರು. ಅರಬ್ ನಾಡುಗಳಲ್ಲಿ ಆಟಗಳ ವ್ಯಾಪಾರ ಬಲ್ಲವರು ಅವರನ್ನು ಹಿರಿಯರೆಂದು ಗೌರವಿಸುತ್ತಾರೆ. ಕಾಸರಗೋಡಿನಲ್ಲಿ ಹೊಸ ಕಂಪೆನಿ ಕಟ್ಟಹೊರಟವರು ಅವರ ಎದುರು ಕೂರಲು ಹೆದರುತ್ತಾರೆ. ಎರಡಕ್ಕೂ ಕಾರಣವುಂಟು. ಅರುವತ್ತೈದು ತುಂಬಿದ ಈ ಹೊತ್ತಿನಲ್ಲಿ, ತಾವೇ ಕಟ್ಟಿದ ‘ಕಡವು’ ಸಂಸ್ಥೆಯ ಹೊಣೆಯನ್ನು ಕಿರಿಯರಿಗೆ ಒಪ್ಪಿಸಿ ಅವರು ನಿವೃತ್ತರಾಗುತ್ತಿದ್ದಾರೆ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದುಬೈಗೆ ಹೋದ ಕುಂಞಾಲಿಯವರಿಗೆ ಸಿಕ್ಕಿದ್ದು ಟಿ.ವಿ., ಟೇಪ್ ರೆಕಾರ್ಡರ್ ಮಾರುವ ಅಂಗಡಿಯೊಂದರ ಮೂಲೆ. ಯಾರಿಗೂ ಬೇಡವಾದ ಆ ಮೂಲೆಯಲ್ಲಿ ಗೇಮ್ ಕ್ಯಾಸೆಟ್‌ಗಳಿದ್ದವು. ಗಿರಾಕಿಗಳು ಅಲ್ಲೇ ನಿಂತು ಆಡಿ ನೋಡುವಾಗ ಉಳಿದ ನೌಕರರು ಪರದೆ ನೋಡಿದರೆ, ಇವರು ಆಡುವವರ ಮುಖ ನೋಡುತ್ತಿದ್ದರು. ಎಲ್ಲಿ ಹುಬ್ಬು ಗಂಟಾಯಿತು, ಎಲ್ಲಿ ನಗು ಬಂತು ಎಂಬುದನ್ನು ನೆನಪಿಟ್ಟು, ಯಾವ ಆಟ ಮಾರಾಟವಾಗದೆ ಉಳಿಯುತ್ತದೆಂದು ಸರಬರಾಜುದಾರರಿಗೆ ಮೊದಲೇ ಹೇಳುತ್ತಿದ್ದರು. ಹೇಳಿದ್ದು ನಾಲ್ಕೈದು ಸಲ ನಿಜವಾದಾಗ ಆ ಸರಬರಾಜು ಕಂಪೆನಿಯೇ ಅವರನ್ನು ಕರೆದುಕೊಂಡಿತು. ಅಲ್ಲಿಂದ ಆಟಗಳನ್ನು ತಯಾರಿಸುವ ದೊಡ್ಡ ಸಂಸ್ಥೆಗೆ ಹೋದರು, ಕೊನೆಗೆ ಇಡೀ ಅರಬ್ ಪ್ರಾಂತ್ಯದ ಮುಖ್ಯಸ್ಥರಾದರು.

ಮುಖ್ಯಸ್ಥರಾದ ಮೇಲೂ ಅವರದು ಒಂದೇ ಹಟ. ಹೊಸ ಆಟವನ್ನು ಹೊರಗಿನವರೊಬ್ಬರ ಕೈಗೆ ಕೊಡಬೇಕು, ಅದನ್ನು ಮಾಡಿದವರು ಹಿಂದೆ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂರಬೇಕು. ‘ಅಲ್ಲಿ ಒತ್ತಿ’ ಎಂದು ಪಿಸುಗುಟ್ಟಿದವರು ಕೋಣೆಯಲ್ಲಿದ್ದವರಿಗೆಲ್ಲ ಚಹಾ ತರಿಸಬೇಕು. ದೊಡ್ಡ ಪದವಿಯ ಎಂಜಿನಿಯರುಗಳೂ ಹೀಗೆ ಚಹಾ ಕುಡಿಸಿ ಸುಸ್ತಾಗಿದ್ದರಂತೆ. ಕಟ್ಟುನಿಟ್ಟಿನ ಮನುಷ್ಯರೆಂದು ಹೆಸರಾಗಿದ್ದ ಇವರೇ, ಕಂಪೆನಿಯು ತನ್ನದೊಂದು ಶಾಖೆಯನ್ನು ಮುಚ್ಚಿದಾಗ ಅಲ್ಲಿನ ಮೂವತ್ತೆಂಟು ಮಂದಿಗೂ ಬೇರೆಡೆ ಕೆಲಸವಾಗುವ ತನಕ ಊರಿಗೆ ಬರುವ ರಜೆಯನ್ನು ಮೂರು ಸಲ ಮುಂದೂಡಿದವರು. ಈ ಮಾತನ್ನು ಅವರೆದುರು ಎತ್ತಿದರೆ ಮಾತು ಬದಲಿಸುತ್ತಾರೆ.

ಹನ್ನೆರಡು ವರ್ಷಗಳ ಹಿಂದೆ ಊರಿಗೆ ಮರಳಿ, ಗೆಳೆಯರಾದ ಗಿಲ್ಬರ್ಟ್ ಮತ್ತು ಹರಿನಾರಾಯಣರೊಂದಿಗೆ ‘ಕಡವು’ ಆರಂಭಿಸಿದರು. ಹೊಸ ಆಲೋಚನೆಯುಳ್ಳವರಿಗೆ ದುಡ್ಡು ಹಾಕಿ, ಲಾಭಕ್ಕೂ ನಷ್ಟಕ್ಕೂ ಪಾಲುದಾರರಾಗುವುದು ಈ ಸಂಸ್ಥೆಯ ಕೆಲಸ. ಹೆದ್ದಾರಿ ಅಗಲವಾಗುವಾಗ ಕಚೇರಿ ಎರಡು ಸಲ ಜಾಗ ಬದಲಿಸಿತು, ಸ್ಟೂಲಿನ ನಿಯಮ ಮಾತ್ರ ಬದಲಾಗಲಿಲ್ಲ. ಆ ನಿಯಮವನ್ನು ಸ್ವತಃ ಕುಂಞಾಲಿಯವರೇ ಒಮ್ಮೆ ಮುರಿದರು. ಇಂಥ ಅಭಿನಂದನ ಗ್ರಂಥದಲ್ಲಿ ತಪ್ಪನ್ನು ಬರೆಯುವುದು ವಾಡಿಕೆಯಲ್ಲ. ಆದರೆ ಇದನ್ನು ಬಿಟ್ಟರೆ ಸುಮ್ಮನಿರುವುದಿಲ್ಲ ನೋಡಿ ಎಂದು ಅವರೇ ತಾಕೀತು ಮಾಡಿದ್ದಾರೆ.

ಬೆಳ್ಳೂರಿನ ರೆಶ್ಮಾ ಕೊಚ್ಚಿಯ ಕೆಲಸ ಬಿಟ್ಟು ಒಂದು ಆಟ ಕಟ್ಟಿದ್ದಳು. ಸ್ಟ್ರೋಕ್ ಆಗಿ ಕೈ ಸೋತವರು ಒಂದು ರಬ್ಬರ್ ಚೆಂಡನ್ನು ಹಿಚುಕಬೇಕು. ಹಿಚುಕಿದಷ್ಟು ಸಲ ಫೋನಿನ ಪರದೆಯಲ್ಲಿ ದೋಣಿಯೊಂದು ಅಲೆ ದಾಟುತ್ತದೆ. ಬೇಸರದ ವ್ಯಾಯಾಮ ಆಟವಾಗುತ್ತದೆ. ಅವಳ ಬಳಿ ಇನ್ನು ಎರಡು ತಿಂಗಳು ನಡೆಸುವಷ್ಟೇ ದುಡ್ಡಿತ್ತು. ‘ಕಡವು’ ಒಪ್ಪದಿದ್ದರೆ ಬಾಗಿಲು ಹಾಕುವುದೇ. ಆಡಿ ನೋಡಲು ಕುಂಞಾಲಿಯವರು ಆರಿಸಿದ್ದು ತಮ್ಮ ಅಕ್ಕ ಮರಿಯುಮ್ಮನವರನ್ನು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅವರಿಗೆ ಬಲಗೈ ಸೋತು ವರ್ಷವಾಗಿತ್ತು.

ದಿನವೂ ಅಂಕಗಳು ಕುಂಞಾಲಿಯವರ ಫೋನಿಗೆ ಬರುತ್ತಿದ್ದವು. ಮೊದಲ ವಾರ ಎಂಟು ಅಲೆ, ಎರಡನೆಯ ವಾರ ಹದಿನೈದು, ನಾಲ್ಕನೆಯ ವಾರಕ್ಕೆ ಮೂವತ್ತು. ಮೀಟಿಂಗಿನ ನಡುವೆಯೂ ಫೋನ್ ತೆಗೆದು ಎಲ್ಲರಿಗೂ ತೋರಿಸುತ್ತಿದ್ದರು. “ಒಮ್ಮೆ ಎದುರು ಕೂತು ನೋಡುವುದು ಬೇಡವಾ ಮಾರಾಯ?” ಎಂದು ಗಿಲ್ಬರ್ಟ್ ಕೇಳಿದಾಗ, “ಅಕ್ಕನ ಮುಖ ನಂಗೆ ಗೊತ್ತಿಲ್ವಾ?” ಎಂದುಬಿಟ್ಟರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಅವರೇ ಗದರುತ್ತಿದ್ದರು.

ರೆಶ್ಮಾ ವಾರಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಮರಿಯುಮ್ಮನವರ ಮನೆಗೆ ಬರುತ್ತಿದ್ದಳು. ಆ ಹೊತ್ತಿಗೆ ಮರಿಯುಮ್ಮ “ಇವತ್ತಿನದ್ದು ಬೆಳಿಗ್ಗೆಯೇ ಮುಗ್ಸಿದೆ ಮೋಳೇ” ಎಂದು ಮಗಳನ್ನು ಕರೆದಂತೆ ಕರೆದು, ಅವಳ ಮುಂದೆ ಚಹಾ, ಅಕ್ಕಿರೊಟ್ಟಿಯಂಥ ಪತ್ತಿರಿ ಇಡಿಸುತ್ತಿದ್ದರು. ಐದನೆಯ ವಾರ, ಹೇಳದೆ ಕೇಳದೆ, ಚಾರ್ಜರ್ ಕೊಡಲೆಂದು ಅವಳು ಒಂದು ಮಧ್ಯಾಹ್ನ ಹೋದಳು. ಅಡುಗೆಮನೆಯಲ್ಲಿ ಮರಿಯುಮ್ಮ ಆಡುತ್ತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಚೆಂಡು ಹಿಚುಕುತ್ತಿದ್ದುದು ಎಡಗೈ.

ರೆಶ್ಮಾ ಚಾರ್ಜರ್ ಹಿಡಿದು ಬಾಗಿಲಲ್ಲೇ ನಿಂತಳು. ಯಾವ ಕೈ ಎಂದು ಗುರುತಿಸುವ ಉಪಾಯವನ್ನೇ ಅವಳು ಚೆಂಡಿನಲ್ಲಿ ಇಟ್ಟಿರಲಿಲ್ಲ.

“ಬಲಗೈಯಲ್ಲಿ ಒತ್ತಿದ್ರೆ ಜೀವ ಹೋದ ಹಾಗೆ ನೋಯ್ತದೆ,” ಎಂದರು ಮರಿಯುಮ್ಮ, ತಪ್ಪು ಮಾಡಿದವರ ದನಿಯಲ್ಲಿ. “ನೀನು ಬಿಸಿಲಲ್ಲಿ ಅಷ್ಟು ದೂರದಿಂದ ಬರ್ತಿ. ಮನೆಗೆ ಬಂದವಳಿಗೆ ಬೇಸರ ಮಾಡುದು ಹೇಗೆ? ಅವನಂತೂ ದಿನಾ ಫೋನ್ ಮಾಡಿ ಖುಷಿ ಪಡ್ತಾನೆ. ನೀನು ಅವನತ್ರ ಹೇಳ್ಬೇಡ.”

ಬಂಡವಾಳದ ತೀರ್ಮಾನಕ್ಕೆ ಉಳಿದಿದ್ದು ಎರಡೇ ದಿನ. ಹೇಳದಿದ್ದರೆ ಕಂಪೆನಿ ಉಳಿಯುತ್ತದೆ, ಮರಿಯುಮ್ಮನವರ ಮಾತೂ ಉಳಿಯುತ್ತದೆ. ಬಸ್ ನಿಲ್ದಾಣದಲ್ಲಿ ಅವಳು ಎರಡು ಬಸ್ಸು ಬಿಟ್ಟಳು. ಮೂರನೆಯದನ್ನೂ ಬಿಟ್ಟು ‘ಕಡವು’ ಕಚೇರಿಗೆ ನಡೆದಳು.

ಕಂಡದ್ದನ್ನೆಲ್ಲ ಅವಳು ಕುಂಞಾಲಿಯವರಿಗೆ ಹೇಳಿದಳು. ಅವರ ಮುಖ ಕಪ್ಪಿಟ್ಟಿತು. ಅಂಕ ಸುಳ್ಳಾಯಿತೆಂದಲ್ಲ, ಅಕ್ಕನ ಕೈಗೆ ಬಲ ಬರಲೇ ಇಲ್ಲವೆಂದು. “ನೋಯ್ತದೆ ಅಂದ್ಲಾ?” ಎಂದು ಕೇಳಿದರು. “ಹೌದು ಸರ್.” “ಎಷ್ಟು ದಿನದಿಂದ?” “ಮೊದಲ ದಿನದಿಂದ.” ಅವರು ಎದ್ದು ಚಪ್ಪಲಿ ಮೆಟ್ಟಿ, ಡ್ರೈವರನ್ನೂ ಕರೆಯದೆ, ಅಕ್ಕನ ಮನೆಯ ದಾರಿ ಹಿಡಿದರು.

ಸಭೆಯಲ್ಲಿ ಪಾಲುದಾರರ ಎದುರು ಅವರು ಹೇಳಿದ್ದಿಷ್ಟು: “ಈ ಹುಡುಗಿದ್ದು ಸಣ್ಣ ತಪ್ಪು. ನಂದು ದೊಡ್ಡದು. ನಂಗೆ ಬೇಕಾದ್ದನ್ನು ಫೋನ್ ತೋರಿಸ್ತು, ನಾನು ನಂಬಿದೆ. ಇದರಲ್ಲಿ ನನ್ನ ವೋಟು ಬೇಡ.” ಹೀಗೆ ಹೇಳಿ ಹೊರಗೆ ಹೋಗಿ ಕೂತರು. ಗಿಲ್ಬರ್ಟ್ ಮತ್ತು ಹರಿನಾರಾಯಣ ಮೂರು ತಿಂಗಳು ಮಾತ್ರ ನಡೆಸುವಷ್ಟು ಕೊಟ್ಟು, ಚೆಂಡನ್ನು ಮೊದಲು ಸರಿಮಾಡು ಎಂದರು. ರೆಶ್ಮಾ ಅದನ್ನು ಸ್ಪಂಜಿನಷ್ಟು ಮೆದು ಮಾಡಿ, ಸೋತ ಕೈಗೆ ಮಾತ್ರ ಕೂರುವ ಪಟ್ಟಿ ಹೊಲಿಸಿದಳು. ಈ ಸಲ ಮರಿಯುಮ್ಮ ಮೊದಲ ದಿನವೇ ಬೈದರು: ಪಟ್ಟಿ ಬಿಗಿ, ದೋಣಿ ಸಣ್ಣದು, ಅಲೆ ಕಾಣುವುದಿಲ್ಲ. ಆ ಬೈಗುಳವೇ ಆಟವನ್ನು ಉಳಿಸಿತು. ಉಳಿದ ಬಂಡವಾಳವೂ ಬಂತು; ಇಂದು ಜಿಲ್ಲೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ಹೋಗುವ ಪ್ಯಾಲಿಯೇಟಿವ್ ಕಾರ್ಯಕರ್ತರ ಚೀಲದಲ್ಲಿ ಆ ಚೆಂಡು ಇರುತ್ತದೆ.

ಮರಿಯುಮ್ಮನವರ ಕೈಗೆ ಪೂರ್ತಿ ಬಲ ಬರಲಿಲ್ಲ. ಎರಡು ಬೆರಳು ಮಡಚುತ್ತವೆ, ಅಷ್ಟೇ. ಅಂದಿನಿಂದ ಕುಂಞಾಲಿಯವರು ಊರಲ್ಲಿದ್ದ ದಿನವೆಲ್ಲ ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ, ಆಡುವಷ್ಟು ಹೊತ್ತು ಎದುರು ಕೂತು ಬರುತ್ತಾರೆ. ನಿವೃತ್ತಿಯ ನಂತರವೂ ಮನೆಮನೆಗೆ ಹೋಗಿ ರೋಗಿಗಳ ಜೊತೆ ಹೀಗೆ ಕೂರುವುದೇ ತಮ್ಮ ಮುಂದಿನ ಕೆಲಸವೆಂದು ತಿಳಿಸಿದ್ದಾರೆ. ಆ ಕೆಲಸ ಬಹುಕಾಲ ನಡೆಯಲಿ, ಅವರ ಆರೋಗ್ಯ ಗಟ್ಟಿಯಾಗಿರಲಿ ಎಂದು ಈ ಗ್ರಂಥದಲ್ಲಿ ಬರೆದವರೆಲ್ಲರ ಹಾರೈಕೆ.

ಆದರೆ ಹಾರೈಸುವ ಹಕ್ಕು ಮೊದಲು ಅವರ ಅಕ್ಕನದು. ತಮ್ಮನ ಬಗ್ಗೆ ಎರಡು ಮಾತು ಹೇಳಿ ಎಂದು ರೆಶ್ಮಾ ಕಳೆದ ತಿಂಗಳು ಕೇಳಿದಾಗ, ಮರಿಯುಮ್ಮ ಹೇಳಿದರು:

“ಮುಂಚೆ ಅವ ಹೇಗಿದ್ದಿ ಅಂತ ಕೇಳಿದ್ರೆ ನಾನು ಒಳ್ಳೇದುಂಟು ಅಂತಿದ್ದೆ. ಈಗ ನೋವಿದ್ರೆ ನೋವು ಅಂತ್ಲೇ ಹೇಳ್ತೇನೆ. ಅದನ್ನು ಕೇಳ್ಲಿಕ್ಕೆ ನಂಗೆ ಬೇರೆ ಯಾರಿದ್ದಾರೆ? ಅವ ನನ್ನಿಂದ ಜಾಸ್ತಿ ವರ್ಷ ಇರ್ಬೇಕು.”